ಎಣ್ಣೆ ಕಾಣದ ರಿವಾಲ್ವರ್

ಅವನು ಅಂಗಡಿಯೊಳಗೆ ಬಂದ ರೀತಿಯೇ ಸರಿಯಿರಲಿಲ್ಲ. ಪ್ರತಿ ಸಲ ಬಾಗಿಲಲ್ಲಿ ನಿಂತು ಬೂಟಿನ ನೀರು ಒದರಿ, ಅವಳ ಮೇಜಿನ ಕಡೆ ನೋಡಿ, "ಏನ್ ಮೇಡಂ, ಇವತ್ತು ಸೂಜಿ ಚುಚ್ಚಿದ್ದು ಯಾವ ಬೆರಳಿಗೆ?" ಎಂದು ಕೇಳಿದ ಮೇಲೆಯೇ ಮುಂದಿನ ಮಾತು. ಇವತ್ತು ತಲೆ ತಗ್ಗಿಸಿ, ಬ್ಯಾಗನ್ನು ಎದೆಗೆ ಅವಚಿಕೊಂಡು, ಅವಳ ಪಕ್ಕದಲ್ಲೇ ಹಾದು ಸೀದಾ ಹಿಂದಿನ ಕೋಣೆಗೆ ನಡೆದುಬಿಟ್ಟ. ನಗಲು ಸಿದ್ಧ ಮಾಡಿಕೊಂಡಿದ್ದ ಮುಖವನ್ನು ಏನು ಮಾಡಬೇಕೋ ತಿಳಿಯದೆ ಅವಳು ಮತ್ತೆ ಹೊಲಿಗೆಗೆ ಬಗ್ಗಿದಳು.

ಅಂಗಡಿ ಅವಳ ದೊಡ್ಡಪ್ಪನದು. ಹಿಂದಿನ ಕೋಣೆಯಲ್ಲಿ ದೊಡ್ಡಪ್ಪ ಬಂದೂಕು, ಪಿಸ್ತೂಲು ರಿಪೇರಿ ಮಾಡುತ್ತಾರೆ. ಲೈಸೆನ್ಸ್ ಕಾಗದ ನೋಡದೆ ಒಂದು ಸ್ಕ್ರೂ ಸಹ ಮುಟ್ಟದ ಮನುಷ್ಯ. ಮುಂದಿನ ಕೋಣೆಯಲ್ಲಿ ಅವಳದು ಚರ್ಮದ ಕೆಲಸ. ಬೆಲ್ಟು, ಪಟ್ಟಿ, ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೋಲ್‌ಸ್ಟರ್ ಎಲ್ಲ ಅವಳ ಕೈಯಲ್ಲೇ ಆಗಬೇಕು.

ಅವನು ಬ್ಯಾಂಕಿನ ವ್ಯಾನಿಗೆ ಗಾರ್ಡು. ಹೊಸದಾಗಿ ಸೇರುವ ಗಾರ್ಡುಗಳಿಗೆ ಆಯುಧ ನೋಡಿಕೊಳ್ಳುವ ಪಾಠ ಹೇಳುವವನೂ ಅವನೇ. ಡ್ಯೂಟಿ ಮುಗಿದ ಕೂಡಲೇ ಚರ್ಮದಿಂದ ಹೊರಗೆ ತೆಗಿ, ಒರೆಸು, ಎಣ್ಣೆ ಹಚ್ಚು, ಎಣ್ಣೆ ಹಚ್ಚದೆ ಊಟಕ್ಕೆ ಕೂರಬೇಡ ಎಂದು ಹೇಳಿ ಹೇಳಿ ಅವನಿಗೆ 'ಎಣ್ಣೆ ಮೇಷ್ಟ್ರು' ಎಂಬ ಹೆಸರು ಬಿದ್ದಿತ್ತು. ಒಂದು ತೊಟ್ಟೂ ಕುಡಿಯದವನಿಗೆ ಇಂಥ ಹೆಸರು ಅಂಟಿಕೊಂಡಿತಲ್ಲ ಎಂದು ಜೊತೆಯವರಿಗೆಲ್ಲ ನಗು.

ಅವಳೂ ಎದುರಿಗೆ ಮೇಷ್ಟ್ರೇ, ನೀವು ಎಂದೇ ಮಾತಾಡಿಸುತ್ತಿದ್ದಳು. ಮನಸ್ಸಿನೊಳಗೆ ಮಾತ್ರ ನಾಲ್ಕು ತಿಂಗಳಿಂದ 'ಅವನು'. ಈ ವಿಷಯ ಬೇರೆ ಯಾರಿಗೂ ಗೊತ್ತಿಲ್ಲ ಎಂದು ಅವಳು ನಂಬಿದ್ದಳು. ದೊಡ್ಡಪ್ಪನಿಗೇನು ಕಣ್ಣಿಲ್ಲವೇ!

ನಾಲ್ಕು ತಿಂಗಳ ಹಿಂದೆ ಅವನು ಅವಳ ಕೈಯಲ್ಲಿ ಒಂದು ಹೋಲ್‌ಸ್ಟರ್ ಹೊಲಿಸಿಕೊಂಡಿದ್ದ. ತೆಗೆದುಕೊಂಡು ಹೋದ ವಾರಕ್ಕೆ ಪಟ್ಟಿ ಸಡಿಲ ಎಂದು ಬಂದ. ಮುಂದಿನ ವಾರ ಅದೇ ಪಟ್ಟಿ ಬಿಗಿ ಎಂದು ಬಂದ. ಮೂರನೇ ಸಲ ಗುಂಡಿ ಸರಿಯಾಗಿ ಕೂರುತ್ತಿಲ್ಲ ಎಂದ. ಗುಂಡಿ ಸರಿಯಾಗಿಯೇ ಕೂರುತ್ತಿತ್ತು. ಅವಳು ಅದನ್ನು ಬಿಚ್ಚಿ, ಮತ್ತೆ ಅದೇ ಜಾಗದಲ್ಲಿ ಹಾಕಿ, "ಈಗ ನೋಡಿ" ಎಂದಳು. "ಹಾಂ, ಈಗ ಸರಿಯಾಯ್ತು" ಎಂದ. ಇಬ್ಬರ ಮುಖದಲ್ಲೂ ನಗುವಿನ ಸುಳಿವಿರಲಿಲ್ಲ.

ಈಗ ಹಿಂದಿನ ಕೋಣೆಯಿಂದ ದೊಡ್ಡಪ್ಪನ ದನಿ ಕೇಳಿಸಿತು.

"ಗುಂಡು ಖಾಲಿ ಮಾಡಿದ್ದೀರಿ ತಾನೆ? ಎಲ್ಲಿ, ಕೊಡಿ ನೋಡೋಣ. ಇದೇನ್ರೀ ಮೇಷ್ಟ್ರೇ, ಮೈತುಂಬಾ ತುಕ್ಕು ಹತ್ತಿಸಿಕೊಂಡು ಬಂದಿದ್ದೀರಿ."

"ಸ್ವಲ್ಪ ಮೆಲ್ಲಗೆ ಸರ್."

"ಹೋಲ್‌ಸ್ಟರ್ ಒಳಗೇ ಇಟ್ಟಿದ್ರಾ?"

"ಹೂಂ."

ಮೆಲ್ಲಗೆ ಅಂದರೆ ಏನರ್ಥ? ಅವಳಿಗೆ ಕೇಳಿಸಬಾರದು ಎಂದು ತಾನೆ? ಅವಳು ಚರ್ಮ ಪಕ್ಕಕ್ಕಿಟ್ಟು ಎದ್ದುಹೋದಳು.

ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ರಿವಾಲ್ವರ್. ಕಪ್ಪೂ ಅಲ್ಲದ ನೀಲಿಯೂ ಅಲ್ಲದ ಅದರ ಮೆರುಗು ಅವಳಿಗೆ ಚೆನ್ನಾಗಿ ನೆನಪಿತ್ತು, ಅಳತೆ ತೆಗೆಯುವಾಗ ಅದರಲ್ಲಿ ತನ್ನ ಮುಖ ಕಂಡಿದ್ದಳು. ಈಗ ಆ ಮೆರುಗಿನ ಮೇಲೆ ಇಟ್ಟಿಗೆ ಪುಡಿ ಉದುರಿಸಿದ ಹಾಗೆ ತುಕ್ಕು. ಅದರಲ್ಲೂ ಚರ್ಮಕ್ಕೆ ತಾಗಿಕೊಂಡಿರುವ ಮಗ್ಗುಲಲ್ಲೇ ಹೆಚ್ಚು.

"ನನ್ನ ಚರ್ಮದ್ದೇ ತಪ್ಪು," ಎಂದಳು. "ಆ ಸಲ ಹೊಸ ಕಡೆಯಿಂದ ತರಿಸಿದ್ದು. ಹದ ಮಾಡೋವಾಗ ಉಪ್ಪು ಉಳಿಸಿಬಿಟ್ಟಿದ್ದಾರೆ, ಅದಕ್ಕೇ ತುಕ್ಕು."

"ಇಲ್ಲ, ಇಲ್ಲ. ಚರ್ಮದ್ದೇನೂ ತಪ್ಪಿಲ್ಲ ಮೇಡಂ."

"ಹಾಗಾದ್ರೆ ಕಳ್ಳನ ಹಾಗೆ ಒಳಗೆ ನುಸುಳಿದ್ದು ಯಾಕೆ?"

ಅವನು ಮುಖ ಹುಳ್ಳಗೆ ಮಾಡಿಕೊಂಡು ಮೂಲೆಯಲ್ಲಿದ್ದ ಒಲೆಯ ಕಡೆ ನೋಡಿದ. ದೊಡ್ಡಪ್ಪ ಮಧ್ಯೆ ಬಂದರು. "ತಪ್ಪು ಆಮೇಲೆ ಹುಡುಕೋಣ. ಯಾವಾಗ ಬೇಕು ಇದು?"

"ನಾಳೆ ಬೆಳಿಗ್ಗೆ ಹತ್ತಕ್ಕೆ ತಪಾಸಣೆ. ಹೆಡ್ ಆಫೀಸಿಂದ ಬರ್ತಾರೆ. ಯಾರ ಆಯುಧದಲ್ಲಿ ತುಕ್ಕು ಕಂಡ್ರೂ ಅವರನ್ನ ವ್ಯಾನಿಂದ ಇಳಿಸಿ ಗೋಡೌನ್ ಗೇಟಿಗೆ ಹಾಕ್ತಾರೆ."

"ಗೋಡೌನ್ ಎಲ್ಲಿದೆ?" ಅವಳು ಕೇಳಿದಳು.

"ಬೇರೆ ಊರು. ರೈಲಲ್ಲಿ ಒಂದು ಹಗಲು. ಒಂದು ಸಲ ಹೋದ್ರೆ ಎರಡು ವರ್ಷ ವಾಪಸ್ ಇಲ್ಲ."

ಎರಡು ವರ್ಷ. ಪಟ್ಟಿ ಬಿಗಿ ಮಾಡಿಸಲು, ಸಡಿಲ ಮಾಡಿಸಲು ಯಾರೂ ಬರುವುದಿಲ್ಲ. ಅದೂ ತಾನು ಹೊಲಿದ ಚರ್ಮದ ದೆಸೆಯಿಂದ.

ಅವನು ಬ್ಯಾಗಿನಿಂದ ಉಕ್ಕು ಉಜ್ಜುವ ಎಮೆರಿ ಪೇಪರ್ ಹೊರಗೆಳೆದ. "ಇದರಲ್ಲಿ ಚೆನ್ನಾಗಿ ಉಜ್ಜಿಬಿಟ್ರೆ?"

"ಅದನ್ನ ಮೊದಲು ಒಳಗಿಡಿ," ಎಂದರು ದೊಡ್ಡಪ್ಪ. "ತುಕ್ಕಿನ ಜೊತೆ ಮೆರುಗೂ ಕಿತ್ತುಹೋಗುತ್ತೆ. ಆಮೇಲೆ ಬೋಳು ಉಕ್ಕು ತೋರಿಸ್ತೀರಾ ನಾಳೆ? ಈ ಮೆರುಗೂ ಒಂದು ಥರ ತುಕ್ಕೇ ಮೇಷ್ಟ್ರೇ, ಪಳಗಿಸಿದ ತುಕ್ಕು. ಕೆಂಪು ತುಕ್ಕನ್ನ ಶುದ್ಧ ನೀರಲ್ಲಿ ಕುದಿಸಿದ್ರೆ ಕಪ್ಪಾಗಿ ತಿರುಗುತ್ತೆ. ಮೇಲಿನ ಹುಡಿ ಉಜ್ಜಿ ತೆಗೆದ್ರೆ ಕೆಳಗಿನ ಮೆರುಗು ಹಾಗೇ ಇರುತ್ತೆ. ಹಳ್ಳ ಬೀಳೋವಷ್ಟು ಒಳಗೆ ಇಳಿದಿದ್ರೆ ಮಾತ್ರ ನನ್ನ ಕೈಲೂ ಆಗಲ್ಲ. ಇಳಿದಿದೆಯೋ ಇಲ್ವೋ, ಕುದಿಸಿದ ಮೇಲೇ ಗೊತ್ತಾಗೋದು."

ಹೇಳುತ್ತಲೇ ಮರದ ಹಿಡಿ ಬಿಚ್ಚಿ ಪಕ್ಕಕ್ಕಿಟ್ಟರು, ಗುಂಡು ತುಂಬುವ ಗಾಲಿ ಬೇರೆ ಮಾಡಿದರು. ಕುದಿಸುವ ಮೊದಲು ಎಣ್ಣೆಯ ಜಿಡ್ಡು ತೆಗೆಯಬೇಕು. ಬಿಳಿ ಬಟ್ಟೆಯಿಂದ ಒಂದು ಸಲ ಎಳೆದರು. ಬಟ್ಟೆಗೆ ತುಕ್ಕು ಬಂತು, ಜಿಡ್ಡು ಬರಲಿಲ್ಲ. ಇನ್ನೊಂದು ಸಲ ಎಳೆದು, ಮೂಸಿ ನೋಡಿ, ಕನ್ನಡಕದ ಮೇಲಿಂದ ಅವನನ್ನು ದಿಟ್ಟಿಸಿದರು.

"ಎಣ್ಣೆ ಮೇಷ್ಟ್ರ ರಿವಾಲ್ವರಲ್ಲಿ ಎಣ್ಣೆಯ ವಾಸನೆಯೂ ಇಲ್ಲ. ಯಾವಾಗಿಂದ?"

"ನಾಲ್ಕು ತಿಂಗಳಾಯ್ತು."

ದೊಡ್ಡಪ್ಪ ಅವನನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. "ಓಹೋ," ಎಂದರು. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಉದ್ದನೆಯ ಸ್ಟೀಲ್ ಪಾತ್ರೆಗೆ ಸುರಿದು, ಉಕ್ಕಿನ ಭಾಗಗಳನ್ನು ತಂತಿಯಲ್ಲಿ ತೂಗಿ ಇಳಿಬಿಟ್ಟು, ಒಲೆ ಹಚ್ಚಿದರು. "ಅರ್ಧ ಗಂಟೆ ಕುದೀಬೇಕು. ನೀನು ಇಲ್ಲೇ ನೋಡ್ಕೊಂಡಿರಮ್ಮ. ಮುಂದೆ ಯಾರಾದ್ರೂ ಬಂದಾರು, ನಾನು ಅಲ್ಲಿ ಕೂತಿರ್ತೀನಿ." ಹೋಗುವಾಗ ಬಾಗಿಲನ್ನು ಪೂರ್ತಿ ತೆರೆದೂ ಇಡಲಿಲ್ಲ, ಪೂರ್ತಿ ಮುಚ್ಚಲೂ ಇಲ್ಲ.

ನೀರು ಸಣ್ಣಗೆ ಸದ್ದು ಮಾಡತೊಡಗಿತು. ಅವಳು ಕೈ ಚಾಚಿದಳು.

"ಹೋಲ್‌ಸ್ಟರ್ ಕೊಡಿ."

"ಮನೇಲಿದೆ."

"ಬ್ಯಾಗಿಂದ ಪಟ್ಟಿ ಇಣುಕ್ತಾ ಇದೆ ಮೇಷ್ಟ್ರೇ."

ಅವನು ನಾಲಿಗೆ ಕಚ್ಚಿಕೊಂಡು ತೆಗೆದುಕೊಟ್ಟ. ಟವೆಲ್ಲಿನಲ್ಲಿ ಜೋಪಾನವಾಗಿ ಸುತ್ತಿದ್ದ. ಅವಳು ಬಿಚ್ಚಿ, ಚರ್ಮದ ಒಳಮೈಗೆ ನಾಲಿಗೆಯ ತುದಿ ತಾಗಿಸಿದಳು. ಹದ ಪರೀಕ್ಷೆಗೆ ಅವಳ ಕಸುಬಿನವರು ಮಾಡುವುದೇ ಹಾಗೆ, ಆದರೆ ಅದನ್ನು ನೋಡುತ್ತಿದ್ದವನ ಕಿವಿ ಕೆಂಪಾಯಿತು. ಉಪ್ಪಿರಲಿಲ್ಲ. ಅವಳ ತಲೆಯ ಮೇಲಿಂದ ದೊಡ್ಡ ಹೊರೆ ಇಳಿಯಿತು.

ಇಳಿದ ಮೇಲೆ ಕಣ್ಣು ಬೇರೊಂದನ್ನು ಕಂಡಿತು. ಹೊಲಿಗೆ ಬಿಚ್ಚಿತೆಂದು ಅವಳ ಹತ್ತಿರ ಬರುವ ಹೋಲ್‌ಸ್ಟರ್‌ಗಳೆಲ್ಲ ಎಣ್ಣೆ ಕುಡಿದು ಒಳಗೆ ಕರ್ರಗಾಗಿರುತ್ತವೆ. ಇದು ಮಾತ್ರ ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು, ತಿಳಿಗಂದು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇದರಲ್ಲಿ ಒಂದು ಕಲೆಯೂ ಇಲ್ಲ."

"ಇಲ್ಲ."

"ನಾಲ್ಕು ತಿಂಗಳು ನಿಮ್ಮ ಸೊಂಟದಲ್ಲಿತ್ತು."

"ಇತ್ತು."

"ಎಣ್ಣೆ ಯಾಕೆ ಹಚ್ಚಲಿಲ್ಲ?"

ಅವನು ಪಾತ್ರೆಯಿಂದ ಏಳುವ ಹಬೆಯನ್ನೇ ನೋಡುತ್ತ ಹೇಳಿದ. "ಮೊದಲನೇ ದಿನ ಎಣ್ಣೆ ಡಬ್ಬಿ ಹಿಡ್ಕೊಂಡು ಕೂತೆ. ಪಕ್ಕದಲ್ಲಿ ಇದು ಇತ್ತು. ಎಣ್ಣೆ ಹಚ್ಚಿದ ರಿವಾಲ್ವರ್ ಇಟ್ರೆ ಇದು ಕರೆಗಟ್ಟುತ್ತೆ. ನೀವು ಇದರ ಅಂಚು ಕೂರಿಸೋಕೆ ಒಂದು ಮಧ್ಯಾಹ್ನ ಪೂರ್ತಿ ತಗೊಂಡ್ರಿ, ನಾನು ಎದುರಿಗೇ ಇದ್ದೆ. ಕೈ ಬರಲಿಲ್ಲ. ನಾಳೆ ಹಚ್ಚೋಣ ಅಂದೆ. ನಾಳೆ ನಾಳೆ ಅಂತ ಮಳೆ ಹಿಡ್ಕೊಂಡಿತು."

"ಹೋಲ್‌ಸ್ಟರ್ ಇರೋದೇ ಕೊಳೆ ಆಗೋಕೆ."

"ಬೇರೆಯವರು ಮಾಡಿದ್ದಾಗಿದ್ರೆ ಆಗಲಿ ಅಂತಿದ್ದೆ."

ಅವಳು ಏನೋ ಹೇಳಲು ಹೋಗಿ, ಬೇರೇನೋ ಹೇಳಿದಳು. "ಹೊಸಬರಿಗೆ ಏನು ಪಾಠ ಹೇಳ್ತೀರಿ ನೀವು?"

"ಎಣ್ಣೆ ಹಚ್ಚದೆ ಊಟಕ್ಕೆ ಕೂರಬೇಡಿ ಅಂತ."

"ಹಾಗಾದ್ರೆ ನಾಲ್ಕು ತಿಂಗಳು ಉಪವಾಸ ಇದ್ರಾ?"

ಅವನು ತಲೆಯೆತ್ತಿದ. ಅವಳ ಕಣ್ಣಿನಲ್ಲಿ ನಗುವೂ ನೀರೂ ಒಟ್ಟಿಗೇ ಇದ್ದವು. ಅದನ್ನು ಕಂಡು ಅವನಿಗೆ ಎಲ್ಲಿಂದಲೋ ಧೈರ್ಯ ಬಂತು.

"ಹೆಚ್ಚು ಕಡಿಮೆ ಹಾಗೇ. ಇವತ್ತು ನಿಮ್ಮ ಕಣ್ಣು ತಪ್ಪಿಸಿದ್ದು ಇದಕ್ಕೇ. ತುಕ್ಕು ನೋಡಿದ್ರೆ ನಿಮ್ಮ ಕೆಲಸದ್ದೇ ತಪ್ಪು ಅಂದ್ಕೊಳ್ತೀರಿ. ಅಲ್ಲ ಅಂತ ಹೇಳ್ಬೇಕಾದ್ರೆ ನಿಜ ಹೇಳ್ಬೇಕು. ನಿಜ ಹೇಳೋಕೆ ಭಯ ಆಯ್ತು."

"ನೀವು ಆ ಗೋಡೌನಿಗೆ ಹೋಗಕೂಡದು," ಎಂದಳು ಅವಳು.

ಅಷ್ಟರಲ್ಲಿ ಬಾಗಿಲ ಹೊರಗೆ ದೊಡ್ಡಪ್ಪ ಬೇಕೆಂದೇ ಜೋರಾಗಿ ಕೆಮ್ಮಿದರು. ಒಳಗೆ ಬಂದು ತಂತಿ ಹಿಡಿದು ಮೇಲೆತ್ತಿದರು. ಉಕ್ಕು ಹಬೆಯಾಡುತ್ತಿತ್ತು. ಕೆಂಪು ಎಲ್ಲೂ ಇರಲಿಲ್ಲ, ಅದಿದ್ದ ಜಾಗದಲ್ಲೆಲ್ಲ ಮಸಿಯಂಥ ಕಪ್ಪು ಹುಡಿ. ಕೂದಲಿನಷ್ಟು ಸಣ್ಣ ಉಕ್ಕಿನ ಎಳೆಗಳ ಸ್ಟೀಲ್ ವೂಲ್ ತೆಗೆದುಕೊಂಡು, ಮಗುವಿನ ಕೆನ್ನೆ ಒರೆಸುವಷ್ಟು ಮೆತ್ತಗೆ ಉಜ್ಜಿದರು. ಹುಡಿ ಕಳಚಿತು. ಕೆಳಗೆ ಹಳೆಯ ಮೆರುಗು ಹಾಗೇ ಇತ್ತು.

"ಹಳ್ಳ ಬಿದ್ದಿಲ್ಲ," ಎಂದರು ದೊಡ್ಡಪ್ಪ. "ಬರೀ ಮೇಲ್ಮೇಲಿನ ತುಕ್ಕು. ಇಲ್ಲಿ ನಳಿಗೆ ತುದೀಲಿ ಎರಡು ಚುಕ್ಕೆ ಬಿಳುಪಾಗಿದೆ, ಅದಕ್ಕೆ ಬಣ್ಣ ಕಟ್ಟೋ ದ್ರಾವಣ ಮುಟ್ಟಿಸ್ತೀನಿ. ಇನ್ನು ಹದಿನೈದು ದಿನ ಬಿಟ್ಟು ತಂದಿದ್ರೆ ಗೋಡೌನ್ ಗ್ಯಾರಂಟಿ ಇತ್ತು ನಿಮಗೆ."

ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಮೇಜಿನ ಅಂಚು ಹಿಡಿದುಕೊಂಡು ಗಟ್ಟಿಯಾಗಿ ನಕ್ಕಳು. ಅವನು ಮುಖ ಒರೆಸಿಕೊಳ್ಳುವ ನೆಪದಲ್ಲಿ ಟವೆಲ್ಲಿನೊಳಗೆ ಸ್ವಲ್ಪ ಹೊತ್ತು ಮುಖ ಮುಚ್ಚಿಕೊಂಡ. ದೊಡ್ಡಪ್ಪ ಚುಕ್ಕೆ ಸರಿ ಮಾಡಿ, ತೊಳೆದು ಒಣಗಿಸಿ, ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಅವನ ಕೈಗೇ ಕೊಟ್ಟರು.

"ಹಚ್ಚಿ, ಧಾರಾಳವಾಗಿ ಹಚ್ಚಿ. ಚರ್ಮ ಕರೆಗಟ್ಟಿದ್ರೆ ಇನ್ನೊಂದು ಮಾಡಿಕೊಡೋರು ಇಲ್ಲೇ ಇದ್ದಾರೆ."

ಮಾರನೆಯ ದಿನ ಹತ್ತು ಗಂಟೆಯಾಯಿತು, ಹನ್ನೊಂದಾಯಿತು, ಹನ್ನೆರಡೂ ಆಯಿತು. ಅವಳು ಒಂದು ಬೆಲ್ಟನ್ನು ತಿರುಗಾಮುರುಗಾ ಹೊಲಿದು, ಬಿಚ್ಚಿ, ಮತ್ತೆ ತಿರುಗಾಮುರುಗಾ ಹೊಲಿದಳು. ದೊಡ್ಡಪ್ಪ ಮುಟ್ಟಿಸಿದ ಬಣ್ಣ ಒಣಗಿದ ಮೇಲೆ ಬೇರೆಯಾಗಿ ಕಂಡರೆ? ಆ ಎರಡು ಚುಕ್ಕೆಯ ಮೇಲೆಯೇ ಅಧಿಕಾರಿಯ ಕಣ್ಣು ಬಿದ್ದರೆ? ದೊಡ್ಡಪ್ಪ ಮಾತ್ರ ಒಳಗೆ ಕೂತು ಏನೂ ಆಗದವರ ಹಾಗೆ ಯಾವುದೋ ಬಂದೂಕಿನ ಸ್ಪ್ರಿಂಗ್ ಎಳೆಯುತ್ತಿದ್ದರು.

ಒಂದೂವರೆಗೆ ಅವನು ಬಂದ. ಯೂನಿಫಾರ್ಮಿನಲ್ಲೇ ಇದ್ದ, ಹೊರಗೆ ವ್ಯಾನು ನಿಂತಿತ್ತು. ವ್ಯಾನು ಕಂಡಾಗಲೇ ಅವಳಿಗೆ ಅರ್ಧ ಉತ್ತರ ಸಿಕ್ಕಿತು.

"ಪಾಸಾ?"

"ಪಾಸು. ಭೂತಗನ್ನಡಿ ಹಿಡಿದು ನೋಡಿದ್ರು. ಇಷ್ಟು ಚೆನ್ನಾಗಿ ಇಟ್ಕೊಂಡವರನ್ನ ನೋಡಿಲ್ಲ ಅಂದ್ರು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದ ಹಾಗಾಯ್ತು."

ಆದರೆ ಅವನ ಮುಖ ಇನ್ನೂ ಸರಿಯಿರಲಿಲ್ಲ, ಕ್ಯಾಪನ್ನು ಕೈಯಲ್ಲಿ ಹಿಡಿದು ಗರಗರ ತಿರುಗಿಸುತ್ತಿದ್ದ.

"ಇನ್ನೇನು ಮೇಷ್ಟ್ರೇ?"

"ಒಂದು ತಪ್ಪಾಗಿದೆ. ಹೋಲ್‌ಸ್ಟರ್ ನೋಡಿ ಅವರಿಗೆ ತುಂಬಾ ಇಷ್ಟ ಆಯ್ತು. ಯಾರು ಮಾಡಿದ್ದು ಅಂತ ಕೇಳಿದ್ರು. ಬಾಯಿ ತಪ್ಪಿ... ನಾನು ಮದುವೆ ಆಗೋ ಹುಡುಗಿ ಮಾಡಿದ್ದು ಅಂದುಬಿಟ್ಟೆ."

ಒಳಗೆ ಸ್ಪ್ರಿಂಗಿನ ಸದ್ದು ನಿಂತಿತು.

"ಅದಕ್ಕೆ ಅವರೇನಂದ್ರು?"

"ಏನೂ ಅನ್ನಲಿಲ್ಲ. ಷರಾ ಅಂತ ಒಂದು ಕಾಲಂ ಇರುತ್ತಲ್ಲ, ಅದರಲ್ಲಿ ಬರೆದುಕೊಂಡ್ರು. ಕೆಳಗೆ ನನ್ನ ಸಹಿ ಹಾಕಿಸಿಕೊಂಡ್ರು. ಸುಳ್ಳು ಮಾಹಿತಿ ಕೊಟ್ಟರೆ ಶಿಸ್ತುಕ್ರಮ ಅಂತ ಅದರ ಪಕ್ಕದಲ್ಲೇ ಅಚ್ಚು ಹಾಕಿದೆ. ನೀವು ಬೇಡ ಅಂದ್ರೆ ಈಗಲೇ ಹೋಗಿ ತಿದ್ದುಪಡಿಗೆ ಅರ್ಜಿ ಕೊಡ್ತೀನಿ. ಸಂಜೆ ತನಕ ಅವರು ಆಫೀಸಲ್ಲೇ ಇರ್ತಾರೆ."

ಅವಳು ಬೆಲ್ಟನ್ನು ಮಡಚಿ ಪಕ್ಕಕ್ಕಿಟ್ಟಳು. ಹೊರಗೆ ವ್ಯಾನಿನ ಡ್ರೈವರ್ ಹಾರ್ನ್ ಹೊಡೆದ. ಇಬ್ಬರಿಗೂ ಅದು ಕೇಳಿಸಲಿಲ್ಲ.

"ಯಾವ ಅರ್ಜಿಯೂ ಬೇಡ," ಎಂದಳು. "ಸರಿಯಾಗೇ ಬರೆದಿದ್ದಾರೆ."

ಅವನು ಅವಳ ಮೇಜಿನ ಎದುರಿನ ಸ್ಟೂಲಿನ ಮೇಲೆ ಕೂತುಬಿಟ್ಟ. ಅವಳು ಮೇಜಿನ ಆಚೆಯಿಂದ ಕೈ ಚಾಚಿ, ಎಣ್ಣೆಯ ಜಿಡ್ಡು ಇನ್ನೂ ಹೋಗಿರದ ಅವನ ಕೈಯನ್ನು ಹಿಡಿದುಕೊಂಡಳು.