ಅವಳ ಎಣ್ಣೆಜಾಡಿನಲ್ಲಿ ಅವನ ಲಂಗರು

"ಎತ್ತೋ ಲಂಗರು! ನಾಚಿಕೆ ಆಗಲ್ವಾ ನಿಂಗೆ?"

ತನ್ನ ದೋಣಿಯ ಅಂಚಿನಲ್ಲಿ ನಿಂತು ಡೆಲ್ಮೇನ್ ಗಂಟಲು ಹರಿಯುವಂತೆ ಕೂಗಿದಳು. ಎದುರಿನ ದೋಣಿಯ ಎಲ್ರಿಕ್ ತಲೆಯನ್ನೂ ಎತ್ತಲಿಲ್ಲ.

ಪ್ರವಾಸಿಗರನ್ನು ಕಂಬಿಯ ಬೋನಿನಲ್ಲಿ ನೀರಿಗಿಳಿಸಿ, ಬಿಳಿ ಶಾರ್ಕ್ ತೋರಿಸಿ ಹೊಟ್ಟೆ ಹೊರೆಯುವ ಕಡಲತೀರದ ಊರಾದ ಕ್ಲೈನ್‌ಬಾಯಿಯಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಒಬ್ಬರು ಬೆಳಗಿನಿಂದ ಮೀನೆಣ್ಣೆ ಸುರಿದು ಸಮುದ್ರದ ಮೇಲೆ ಜಾಡು ಹಾಸುತ್ತಾರೆ. ಆ ವಾಸನೆ ಹಿಡಿದು ಶಾರ್ಕ್ ಬರುತ್ತದೆ. ನಡುದಾರಿಯಲ್ಲಿ ಲಂಗರು ಹಾಕುವವನೆಂದರೆ, ಇನ್ನೊಬ್ಬರಿಗೆ ಬಡಿಸಿದ ಎಲೆಯ ಮುಂದೆ ಕೂತು ಉಣ್ಣುವವನು!

ಅದೂ ಇಂಥ ಕಾಲದಲ್ಲಿ... ಶಾರ್ಕ್ ಕೊಂದು ತಿನ್ನುವ ಓರ್ಕಾ ತಿಮಿಂಗಿಲಗಳು ಬಂದು ಶಾರ್ಕ್‌ಗಳನ್ನೆಲ್ಲ ಬೆದರಿಸಿ ಓಡಿಸಿದ್ದವು. ಡೆಲ್ಮೇನ್‌ಳ ದೋಣಿ ಹತ್ತಿದವರು ಏನೂ ಕಾಣದೆ ಮರಳುತ್ತಿದ್ದರು. ಶನಿವಾರವೂ ಶಾರ್ಕ್ ಕಾಣದಿದ್ದರೆ ಇನ್ನು ಜನ ಕಳಿಸುವುದಿಲ್ಲವೆಂದು ಪ್ರವಾಸದ ಏಜೆಂಟ್ ಹೇಳಿಬಿಟ್ಟಿದ್ದ. ಜನ ಬಾರದಿದ್ದರೆ ಅಪ್ಪನ ದೋಣಿ ಮಾರಬೇಕು.

ಎಲ್ರಿಕ್ ಆ ದೋಣಿಯಲ್ಲೇ ಕೆಲಸ ಕಲಿತವನು. ಅಪ್ಪನನ್ನು ಮಣ್ಣು ಮಾಡಿದ ಮರುವಾರವೇ ಬೇರೆಯವರ ದೋಣಿ ಹತ್ತಿದ್ದ. ಅವನಿಗೆ ಹೇಳಬೇಕೆಂದಿದ್ದ ಒಂದು ಮಾತು ಅವಳ ಎದೆಯಲ್ಲೇ ಹುಳಿಯಾಗಿ ಹೋಗಿತ್ತು.

ಶನಿವಾರ ಅವಳು ತನ್ನ ದೋಣಿಯನ್ನು ಅಪ್ಪನ ಕಾಲದಿಂದಲೂ ಅದರಲ್ಲೇ ದುಡಿಯುತ್ತಿದ್ದ ಮುದಿ ಫಾನಿ ಚಿಕ್ಕಪ್ಪನ ಕೈಗೆ ಕೊಟ್ಟು, ಎಲ್ರಿಕ್‌ನ ದೋಣಿಗೇ ಟಿಕೆಟ್ ಕೊಂಡಳು.

'ಕಳ್ಳತನ ಕಣ್ಣಾರೆ ನೋಡ್ತೀನಿ. ಸಂಜೆ ದೋಣಿಯವರ ಸಭೇಲಿ ಇವನನ್ನ ಈ ಕೊಲ್ಲಿಯಿಂದಲೇ ಓಡಿಸ್ತೀನಿ!'

"ಬನ್ನಿ ಮಹಾರಾಣಿ," ಎಲ್ರಿಕ್ ರಬ್ಬರ್ ಉಡುಪು ಎಸೆದ. "ಮೈಗೆ ಸಾಲುತ್ತೆ. ನಾಲಿಗೆಗೆ ಸಾಲೋ ಅಳತೆ ನಮ್ಮಲ್ಲಿಲ್ಲ."

"ನಿನ್ನ ಮುಖ ಮುಚ್ಕೊಳ್ಳೋಕೆ ಒಂದು ಇಟ್ಕೊ. ಸಂಜೆ ಬೇಕಾಗುತ್ತೆ."

ಅವನ ಲಂಗರು ಮತ್ತೆ ಅವಳ ಜಾಡಿನಲ್ಲೇ ಬಿತ್ತು. ಅವಳು ಹಲ್ಲು ಕಚ್ಚಿ ಬೋನಿಗಿಳಿದಳು. ಪಕ್ಕದಲ್ಲಿ ಪ್ರಿಟೋರಿಯಾದ ಒಬ್ಬ ಅಜ್ಜಿ. ನೀರು ಮೂಳೆ ಕೊರೆಯುತ್ತಿತ್ತು.

"ಮುಳುಗಿ! ಎಡಕ್ಕೆ!" ಮೇಲಿನಿಂದ ಎಲ್ರಿಕ್ ಕೂಗಿದ.

ಉಸಿರು ಬಿಗಿಹಿಡಿದು ಮುಳುಗಿದರು. ಹಸಿರು ಮಂಜಿನೊಳಗಿಂದ ಅದು ಬಂತು... ಆಮಿಷಕ್ಕೆಂದು ಹಗ್ಗದ ತುದಿಗೆ ಕಟ್ಟಿದ್ದ ಟ್ಯೂನಾ ಮೀನಿನ ತಲೆಯನ್ನು ಹಿಂಬಾಲಿಸಿ, ಕಂಬಿಗೆ ಮೈ ಸವರಿ, ಕಪ್ಪು ಕಣ್ಣಿನಿಂದ ಅವಳನ್ನೇ ನೋಡಿ ಮರೆಯಾಯಿತು. ಅಜ್ಜಿ ಮೇಲೆದ್ದು ಮಗುವಿನಂತೆ ಕೇಕೆ ಹಾಕಿದಳು.

'ನನ್ನ ಜನ ನೋಡಬೇಕಿದ್ದದ್ದು ಅದು!' ಡೆಲ್ಮೇನ್ ಕುದಿದಳು.

ಬಹಳ ಹೊತ್ತಿನ ಮೇಲೆ ಇನ್ನೊಂದು ನೆರಳು ಕಾಣಿಸಿತು. ಆದರೆ ಎಲ್ರಿಕ್ ಮುಳುಗಿ ಎನ್ನಲಿಲ್ಲ. ಸರಸರನೆ ಹಗ್ಗ ಎಳೆದು ಟ್ಯೂನಾ ತಲೆಯನ್ನು ದೋಣಿಯೊಳಗೆ ಹಾಕಿದ, ಎಣ್ಣೆ ಸುರಿಯುವುದನ್ನೂ ನಿಲ್ಲಿಸಿದ. ಶಾರ್ಕ್ ಬೋನಿನ ಕೆಳಗೆ ನುಸುಳಿ, ನೇರ ಅವಳ ದೋಣಿಯತ್ತ ಹೋಯಿತು.

ಸ್ವಲ್ಪ ಹೊತ್ತಿಗೆ ಅವಳ ದೋಣಿಯಿಂದ ಚೀರಾಟ, ಚಪ್ಪಾಳೆ! ಫಾನಿ ಚಿಕ್ಕಪ್ಪ ಟೋಪಿ ಬೀಸಿ ಕುಣಿಯುತ್ತಿದ್ದ.

"ಹಗ್ಗ ಯಾಕೆ ಎಳ್ಕೊಂಡೆ?" ಅವಳು ಕಂಬಿ ಹಿಡಿದು ಕಿರುಚಿದಳು.

"ನನ್ನವರು ನೋಡಿ ಆಯ್ತು."

"ನನ್ನ ಜಾಡಲ್ಲಿ ಬಂದದ್ದನ್ನ ನನಗೇ ದಾನ ಮಾಡ್ತೀಯಾ?"

"ನಿನ್ನ ಜಾಡು ಎಲ್ಲಿದೆಯೇ? ಎಣ್ಣೆ ಉಳಿಸೋಕೆ ಚಮಚದಲ್ಲಿ ಸುರೀತೀಯ. ನನ್ನ ದೋಣಿ ಮುಟ್ಟೋದ್ರೊಳಗೆ ಹರಿದು ಚೂರಾಗಿರುತ್ತೆ. ಇಲ್ಲಿಂದ ಆಚೆಗೆ ಆ ಜಾಡನ್ನ ಎಳೆಯೋದು ನನ್ನ ಎಣ್ಣೆ. ವಾರದಿಂದ ಎಳೀತಿದ್ದೀನಿ. ಬಂದದ್ದು ಈ ಎರಡೇ ಶಾರ್ಕ್."

ಅವಳು ತನ್ನ ದೋಣಿಯತ್ತ ತಿರುಗಿ ನೋಡಿದಳು.

"...ಹೇಳೋಕೇನಾಗಿತ್ತು?"

"ಹೇಳಿದ್ರೆ ತಗೋತಿದ್ಯಾ?"

ಇಲ್ಲ. ಖಂಡಿತ ಇಲ್ಲ. ಅವಳಿಗೇ ಗೊತ್ತಿತ್ತು.

"ಹಾಗಾದ್ರೆ ಅಪ್ಪ ಹೋದಾಗ ನನ್ನ ಯಾಕೆ ಬಿಟ್ಟುಹೋದೆ?" ಈ ಸಲ ದನಿ ಒಡೆಯಿತು.

"ನಿನ್ನ ದೋಣೀಲಿ ಒಬ್ಬರಿಗಷ್ಟೇ ಅನ್ನ ಇತ್ತು. ಫಾನಿ ಚಿಕ್ಕಪ್ಪನ್ನ ಈ ವಯಸ್ಸಲ್ಲಿ ಕೆಲಸಕ್ಕೆ ಇನ್ಯಾರು ಕರೀತಾರೆ?"

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ, ಪಾಪಿ!"

"ಕೇಳಬೇಕಿತ್ತು." ಅವನು ಮೊದಲ ಸಲ ಅವಳ ಕಣ್ಣು ನೋಡಿದ. "ಕೇಳಿದ್ರೆ ನಿನ್ನ ಬಿಟ್ಟು ಹೋಗೋಕೆ ಆಗ್ತಿರಲಿಲ್ಲ, ಡೆಲ್ಮೇನ್."

"ನಿಮ್ಮ ಜಗಳ ಮುಗಿದಿದ್ರೆ," ಅಜ್ಜಿ ನಡುಗುತ್ತ ಅಂದಳು, "ಯಾರಾದ್ರೂ ನನ್ನ ಮೇಲೆತ್ತಿ!"

ಅಜ್ಜಿಯನ್ನು ಎತ್ತಿ ಕಂಬಳಿ ಹೊದಿಸಿ, ಅವನು ಡೆಲ್ಮೇನ್‌ಳತ್ತ ಕೈ ಚಾಚಿದ.

"ಸಂಜೆ ಸಭೇಲಿ ಏನು ಹೇಳ್ತೀಯ?"

"ಇವನು ನನ್ನ ಜಾಡಲ್ಲಿ ಲಂಗರು ಹಾಕೋದು ನನ್ನ ಒಪ್ಪಿಗೆ ಮೇಲೆ ಅಂತ."

"ಎಷ್ಟು ದಿನದ ಒಪ್ಪಿಗೆ?"

ಅವಳು ಆ ಕೈಯನ್ನು ಬಿಗಿಯಾಗಿ ಹಿಡಿದಳು.

"ನನ್ನ ಉಸಿರಿರೋ ತನಕ. ಬೇಗ ಎಳಿಯೋ... ಚಳಿಗೆ ಈಗಲೇ ನಿಂತುಹೋಗೋ ಹಾಗಿದೆ!"