ನೂರ ಒಂದನೇ ನಿಮಿಷದ ಗೆರೆ

ಡಿಸ್ಕ್ ಮೂರನೇ ಸಲವೂ ಫೇಲಾದ ಮೇಲೆ ಅವನು ಮೆಟ್ಟಿಲು ಹತ್ತಿ ಬಂದೇ ಬಂದ. ಬರಲಿ ಅಂತಲೇ ಅಲ್ಲವೇ ಅವಳು ಫೇಲ್ ಮಾಡಿದ್ದು!

ಹಳೆಯ ಸಿನಿಮಾಗಳನ್ನು ಶುಚಿ ಮಾಡಿ ಬ್ಲೂ-ರೇ ಡಿಸ್ಕಿನಲ್ಲಿ ಮಾರುವ ಆ ಪುಟ್ಟ ಕಂಪನಿಯಲ್ಲಿ ಅವಳದು ಗುಣಮಟ್ಟ ನೋಡುವ ಕೆಲಸ. ಚಿತ್ರ ಎಲ್ಲಿ ಮಸುಕು, ಶಬ್ದ ಎಲ್ಲಿ ಗೊರಗೊರ, ಎಲ್ಲವನ್ನೂ ನಿಮಿಷ ಸಮೇತ ಬರೆಯಬೇಕು. ಹದ್ದಿನ ಕಣ್ಣಿನವಳು ಎಂದೇ ಹೆಸರು. ಅವನು ಈ ಒಂದು ಕ್ಯಾಂಟನೀಸ್ ಸಿನಿಮಾಕ್ಕೆಂದು ಬಂದ ಸಬ್‌ಟೈಟಲ್‌ನವನು; ಚಿತ್ರ ಶುಚಿ ಮಾಡುವುದೂ ಅವನೇ. ಡಿಸ್ಕ್ ಪಾಸಾದರೆ ಅವನಿಗೆ ಇಲ್ಲೇನು ಕೆಲಸ? ಹಾಗಂದುಕೊಂಡರೇ ಅವಳ ಎದೆ ಧಸಕ್ಕೆನ್ನುತ್ತಿತ್ತು.

ಅವನು ವರದಿಯನ್ನು ಮೇಜಿನ ಮೇಲಿಟ್ಟ. ತುಟಿಯಂಚಿಗೆ ಬಂದ ನಗು ಒಳಗೆ ಹೋಗಲೊಲ್ಲದು.

"ನೂರ ಒಂದನೇ ನಿಮಿಷದಲ್ಲಿ ಗೆರೆ ಇದೆ ಅಂತ ಬರ್ದಿದೀರ. ಮೇಡಂ, ಸಿನಿಮಾ ತೊಂಬತ್ತಾರು ನಿಮಿಷಕ್ಕೇ ಮುಗಿಯತ್ತೆ."

ಕಳ್ಳನ ಮನಸ್ಸು ಹುಳ್ಳಗೆ. ಅವಳ ಕಿವಿಯವರೆಗೂ ಕೆಂಪೇರಿತು. ಟೈಪ್ ಮಾಡುವಾಗ ಕೈ ತಪ್ಪಿರಬೇಕು ಎಂದು ಏನೇನೋ ಹೇಳಿ ಜಾರಿಕೊಳ್ಳಲು ನೋಡಿದಳು. ಅವನು ಬೇಜಾರಿಲ್ಲದೆ, ಇನ್ನೊಂದು ಸಲ ಫೇಲಾದರೆ ಕೆಲಸ ಬೇರೆಯವರಿಗೆ ಅಂತ ಯಜಮಾನರು ಹೇಳಿಬಿಟ್ಟಿದ್ದಾರೆ ಎಂದ.

ಅಯ್ಯೋ, ನನ್ನ ಆಸೆಗೆ ಅವನ ಅನ್ನಕ್ಕೆ ಕಲ್ಲು ಹಾಕಿದೆನಲ್ಲ! ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಒಂದು ತಪ್ಪೂ ಇರ್ಲಿಲ್ಲ," ಎಂದಳು, ಮೇಜು ನೋಡುತ್ತಾ. "ಪಾಸ್ ಮಾಡಿದ್ರೆ ನೀವು ಹೊರಟುಹೋಗ್ತೀರಲ್ಲ, ಅದಕ್ಕೇ..."

ಅಷ್ಟಂದು ಪಾಸ್ ಫಾರಂ ಎಳೆದುಕೊಂಡು ಪೆನ್ನು ತೆಗೆದಳು. ಅವನು ಕಾಗದದ ಮೇಲೆ ಅಂಗೈ ಇಟ್ಟ. ಸಹಿ ಹಾಕಲು ಬಿಡಲಿಲ್ಲ. ನಲವತ್ತನೇ ನಿಮಿಷ ಹಾಕಿ ನೋಡಿ ಎಂದ.

ಹಾಕಿದಳು. ನಾಯಕಿ ಹಡಗುಕಟ್ಟೆಯಲ್ಲಿ ಹುಡುಗನೆದುರು ನಿಂತಿದ್ದಾಳೆ. ಅವಳಿನ್ನೂ ತುಟಿ ತೆರೆದಿಲ್ಲ, ಆಗಲೇ ಕೆಳಗೆ ಸಬ್‌ಟೈಟಲ್ 'ನಿನ್ನ ಬಿಟ್ಟಿರಲಾರೆ' ಎಂದು ಬಂದುಬಿಟ್ಟಿದೆ! ಇಲ್ಲದ ತಪ್ಪು ಹುಡುಕುವ ಭರದಲ್ಲಿ ಇದ್ದ ತಪ್ಪು ಹದ್ದಿನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ನನ್ನದೇ ತಪ್ಪು. ಫೇಲ್ ಮಾಡಿ," ಎಂದ. "ನನ್ನ ಕೆಲಸ ಹೋದ್ರೆ ಹೋಗ್ಲಿ, ಕೆಟ್ಟ ಡಿಸ್ಕಿಗೆ ನಿಮ್ಮ ಸಹಿ ಬೇಡ."

ಅವಳು ಎದ್ದು ಸೀದಾ ಯಜಮಾನರ ಕೋಣೆಗೆ ಹೋದಳು. ಹಿಂದಿನ ಮೂರೂ ವರದಿ ಸುಳ್ಳು, ತಪ್ಪೆಲ್ಲ ತನ್ನದು ಎಂದು ಒಪ್ಪಿಕೊಂಡಳು. ಹೊಟ್ಟೆ ತುಂಬ ಬೈಸಿಕೊಂಡು, ಸಬ್‌ಟೈಟಲ್ ಸರಿಮಾಡಲು ಅವನಿಗೆ ಒಂದು ವಾರ ಗಡುವು ಪಡೆದುಕೊಂಡು ಬಂದಳು.

ಅವನು ಅಲ್ಲೇ ಕಾಯುತ್ತಿದ್ದ. ವಿಷಯ ತಿಳಿದಾಗ ಅವಳ ಮುಖವನ್ನೇ ನೋಡಿದ. ಈ ಸಲ ನಗು ತಡೆಯಲಿಲ್ಲ.

"ಮುಂದಿನ ವಾರ ಧೈರ್ಯವಾಗಿ ಪಾಸ್ ಮಾಡಿ," ಎಂದ. "ಕೆಲಸ ಮುಗಿದ್ರೂ ನಾನು ಎಲ್ಲಿಗೂ ಹೋಗಲ್ಲ."