ದವನದ ಸಾಲು

ಮನೆ ನೋಡಲು ಬಂದ ಹುಡುಗಿ ಹುಡುಗನ ಮುಖ ಬಿಟ್ಟು ಎಲೆಯ ಬೆನ್ನು ನೋಡುತ್ತ ಕೂತರೆ ಅವನ ಗತಿ ಏನಾಗಬೇಕು? ಎಪ್ಪತ್ತಾರರ ಕಾರ್ತಿಕದಲ್ಲಿ ಕುರನೂರಿನ ಅಣ್ಣಾರಾಯನಿಗೆ ಆದದ್ದು ಅದೇ.

ಮಹಾಬಳೇಶ್ವರದಿಂದ ಸಸಿ ತಂದು ಬಾವಿಯ ಪಕ್ಕ ನಾಲ್ಕು ಮಡಿ ಸ್ಟ್ರಾಬೆರಿ ಹಚ್ಚಿದ್ದ. ಊರೆಲ್ಲ ನಕ್ಕಿತ್ತು. ವರನ ಮನೆ ನೋಡಲು ಹಿರಿಯರಷ್ಟೇ ಬರುವುದು ಪದ್ಧತಿ. ಆದರೆ ಸೊಲ್ಲಾಪುರದ ಮಸಾಲೆ ವ್ಯಾಪಾರಿ ಸಾತಲಿಂಗಪ್ಪನವರ ಮಗಳು ತುಳಜಾ, ಜಾಮ್ ಬಾಟಲಿಯ ಚಿತ್ರದಲ್ಲಷ್ಟೇ ಕಂಡಿದ್ದ ಹಣ್ಣಿನ ಗಿಡ ನೋಡಲೇಬೇಕೆಂದು ಹಠ ಹಿಡಿದು ಅಪ್ಪನ ಜೊತೆ ಎಸ್.ಟಿ. ಬಸ್ಸು ಹತ್ತಿದ್ದಳು.

ಎಲೆ ಮಗುಚಿದಳು. ಕೆಳಗೆ ನವಿರಾದ ಬಲೆ, ಅದರೊಳಗೆ ಹರಿದಾಡುವ ಕೆಂಪು ಚುಕ್ಕೆಗಳು.

“ಇದೇನ್ರಿ?”

“ನುಸಿ,” ಅಂದ. ಮುಖ ಸಣ್ಣದಾಯಿತು.

“ಮತ್ತ ಅಕ್ಕಡಿ ಯಾಕ ಹಾಕಿಲ್ರಿ?”

ಹುಳಕ್ಕೆ ತಡೆಯಾಗಿ ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕದೆ ಅಣ್ಣಾರಾಯನ ಮನೆತನದಲ್ಲಿ ಯಾರೂ ಬಿತ್ತಿದವರಲ್ಲ. ಇಂಗ್ಲಿಷ್ ಹೆಸರಿನ ಬೆಳೆಗೆ ಅದೆಲ್ಲ ಯಾಕೆಂದು ಇವನು ಬಿಟ್ಟಿದ್ದ.

ಅಂಗಡಿಯ ಕಾಳಿಗೆ ಹುಳ ಬೀಳದಿರಲೆಂದು ಬೆಳ್ಳುಳ್ಳಿ ಇಡುತ್ತೇವೆ, ಘಾಟು ವಾಸನೆ ನುಸಿಗೂ ಆಗಲಿಕ್ಕಿಲ್ಲ ಎಂದಳು ತುಳಜಾ. ಒಂದು ಮಡಿಗೆ ಬೆಳ್ಳುಳ್ಳಿ, ಒಂದಕ್ಕೆ ಕೊತ್ತಂಬರಿ, ಒಂದಕ್ಕೆ ದವನ. ಕಡೆಯದಕ್ಕೆ ಏನೂ ಬೇಡ, ಹೋಲಿಸಿ ನೋಡಲು ಬೇಕಲ್ಲ. ದವನದ ಮೇಲೆ ಅವಳಿಗೆ ಬಲು ಭರವಸೆ. ಶಿವರಾತ್ರಿ ಕಳೆದ ಮೇಲೆ ಬಂದು ನೋಡುತ್ತೇನೆ, ಮದುವೆಯ ಮಾತಿಗೂ ಅವತ್ತೇ ಉತ್ತರ ಅಂದಳು. ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ಗಿಡವನ್ನೋ ತನ್ನನ್ನೋ ಎಂದು ಅಣ್ಣಾರಾಯ ಮೂರು ತಿಂಗಳು ತಲೆ ಕೆಡಿಸಿಕೊಂಡ.

ಅವಳು ಹೇಳಿದಂತೆಯೇ ಸಾಲು ಹಚ್ಚಿ, ದಿನಾ ಬೆಳಿಗ್ಗೆ ಎಲೆ ಮಗುಚಿದ. ಬೆಳ್ಳುಳ್ಳಿಯ ಮಡಿಯಲ್ಲಿ ನುಸಿ ಇಳಿಯಿತು. ಕೊತ್ತಂಬರಿಯದರಲ್ಲಿ ಅರ್ಧಮರ್ಧ. ದವನ ಘಮಘಮಿಸಿತು, ನುಸಿಯೂ ಅದರ ಮಗ್ಗುಲಲ್ಲೇ ಸುಖವಾಗಿ ಸಂಸಾರ ಹೂಡಿತು.

ದವನದಿಂದಲೇ ಎಲ್ಲ ನೆಟ್ಟಗಾಯಿತೆಂದು ಹೇಳಿಬಿಡು, ಹುಡುಗಿ ಒಪ್ಪುತ್ತಾಳೆ ಎಂದು ತಾಯಿ ರತ್ನಾಬಾಯಿ ಕಿವಿ ಕಚ್ಚಿದಳು. ಆ ಸುಳ್ಳು ಅವನಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅಷ್ಟು ಅವಳು ಬೇಕಾಗಿದ್ದಳು.

ತುಳಜಾ ಬಂದಳು. ಅವಳು ಬಗ್ಗುವ ಮೊದಲೇ ಹೇಳಿಬಿಟ್ಟ.

“ನಿಮ್ಮ ದವನ ಸೋತದರಿ. ಬೆಳ್ಳೊಳ್ಳಿ ಗೆದ್ದದ.”

ಅವಳ ಹುಬ್ಬು ಗಂಟಾಯಿತು. ನಾಲ್ಕೂ ಮಡಿಯ ಎಲೆ ಮಗುಚಿ ನೋಡಿದಳು. ಸಾತಲಿಂಗಪ್ಪನವರು ಕೆಮ್ಮಿದರು. ಕೆಲಸ ಕೆಟ್ಟಿತೆಂದೇ ಅಣ್ಣಾರಾಯ ತಿಳಿದ.

“ಸೋತದ್ದನ್ನ ಕಿತ್ತು ಒಗೀಬೇಕಿಲ್ಲೇನ್ರಿ? ಸುಮ್ನ ನೀರು ದಂಡ.”

“ನೀವು ಬರೂದಿತ್ತಲ್ರಿ,” ಅಂದ, ನೆಲ ನೋಡುತ್ತ. “ತುರುಬಿಗೆ ಬೇಕಾಗ್ತದಂತ ಇಟ್ಟೀನಿ.”

ತುಳಜಾ ಈ ಸಲ ಅವನ ಮುಖವನ್ನೇ ನೋಡಿದಳು, ಎಲೆಯ ಬೆನ್ನು ನೋಡುವಷ್ಟೇ ಹತ್ತಿರದಿಂದ, ಏನೋ ಹುಡುಕುವವಳಂತೆ. ಆಮೇಲೆ ಅಪ್ಪನ ಎದುರಿಗೇ ದವನದ ಒಂದು ಕುಡಿ ಚಿವುಟಿ ತುರುಬಿಗೆ ಸಿಕ್ಕಿಸಿಕೊಂಡಳು.

“ಮುಂದಿನ ವರ್ಷ ನಾಕೂ ಮಡಿಗೆ ಬೆಳ್ಳೊಳ್ಳಿ ಹಚ್ಚೂಣು,” ಅಂದಳು. “ದವನದ್ದೂ ಒಂದು ಸಾಲು ಇರ್ಲಿ.”